ಬಯಲುಸೀಮೆಯ ಕಡಲಬಾಗಿಲು



ವಿಜಯಪುರದ ಮೇಲೆ ಹಾದುಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನೀವೆಲ್ಲ ಬಲ್ಲಿರಿ. ಮೋರಟಗಿ, ಸಿಂದಗಿ, ಇಂಡಿ, ಬಾಗೇವಾಡಿ ಕಡೆಯ ನಾವೆಲ್ಲ ಹುಬ್ಬಳ್ಳಿಯ ದವಾಖಾನೆಗೆ, ಧಾರವಾಡದ ಕಾಲೇಜಿಗೆ ಹೋಗುವುದು ಅದೇ ದಾರಿಯಲ್ಲಿ. ಹುಬ್ಬಳ್ಳಿಯಲ್ಲಿ ಇಳಿಯದೆ ಹಾಗೇ ಮುಂದೆ ಸಾಗಿದರೆ ಕಲಘಟಗಿ ಬರುತ್ತದೆ, ಯಲ್ಲಾಪುರ ಬರುತ್ತದೆ. ಅಲ್ಲಿಂದ ಕಾಡು ದಟ್ಟವಾಗುತ್ತ ಹೋಗಿ ಅರಬೈಲು ಘಟ್ಟ ಇಳಿಯುತ್ತದೆ. ಘಟ್ಟದ ಕೆಳಗೆ ಅಂಕೋಲೆಯಲ್ಲಿ ಆ ರಸ್ತೆ ಮುಗಿದುಹೋಗುತ್ತದೆ, ಮುಂದಿರುವುದು ಸಮುದ್ರ. ಅಂಕೋಲೆಯಲ್ಲಿ ಬಲಕ್ಕೆ ಹೊರಳಿ ಮೂವತ್ತು ಮೂವತ್ತೈದು ಕಿಲೋಮೀಟರು ಹೋದರೆ ಕಾರವಾರ.

ನಮ್ಮ ಕಡೆಯಿಂದ ಕಾರವಾರಕ್ಕೆ ಹೋಗುವವರು ಈಗೀಗ ಹೆಚ್ಚಾಗಿದ್ದಾರೆ. ದಸರೆ ರಜೆಗೆ, ಡಿಸೆಂಬರಿನಲ್ಲಿ, ಶಾಲೆಯ ಪ್ರವಾಸದ ಬಸ್ಸುಗಳಲ್ಲಿ ಹೋಗುತ್ತಾರೆ. ನೀರಿಗಿಳಿಯುತ್ತಾರೆ, ಮರಳಿನಲ್ಲಿ ಆಡುತ್ತಾರೆ, ದಂಡೆಯ ಮೇಲಿಟ್ಟಿರುವ ಯುದ್ಧನೌಕೆಯ ಮುಂದೆ ಫೋಟೊ ತೆಗೆಸಿಕೊಂಡು ಮುರ್ಡೇಶ್ವರಕ್ಕೋ ಗೋವೆಗೋ ಹೊರಡುತ್ತಾರೆ. ತೊಗರಿ, ಜೋಳದ ಎರೆಹೊಲ ಬಿಟ್ಟು ಬಂದ ಕಣ್ಣಿಗೆ ಅಷ್ಟು ನೀರು ಕಂಡಾಗ ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ. ಅದು ಸಹಜ. ಆದರೂ ನನಗೆ ಪ್ರತಿ ಸಲ ಒಂದು ಮಾತು ಹೇಳಬೇಕೆನಿಸುತ್ತದೆ. ಕಾರವಾರ ನಮಗೆ ಪರಸ್ಥಳವಲ್ಲ. ಅದು ಒಂದು ಕಾಲಕ್ಕೆ ಬಿಜಾಪುರದ ಬಂದರು. ಆ ಬಂದರು ಏಳುವುದಕ್ಕೂ ಬೀಳುವುದಕ್ಕೂ ಘಟ್ಟದ ಮೇಲಿನ ನಮ್ಮ ಸೀಮೆಯೇ ಕಾರಣವಾಗಿತ್ತು. ಅಲ್ಲಿನ ಯುದ್ಧಗಳ ಕಥೆಯಲ್ಲೂ ನಮ್ಮ ಪಾಲಿದೆ.

ಹದಿನೇಳನೆಯ ಶತಮಾನಕ್ಕೆ ಹೋಗೋಣ. ಇತ್ತ ಬಿಜಾಪುರದಲ್ಲಿ ಮಹಮ್ಮದ್ ಆದಿಲಶಹನ ಗೋಳಗುಮ್ಮಟ ಮೇಲೇಳುತ್ತಿದ್ದ ಕಾಲದಲ್ಲಿ, 1638ರಲ್ಲಿ, ಅತ್ತ ಕಾಳಿ ನದಿ ಸಮುದ್ರ ಸೇರುವಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಒಂದು ಕೂಟ ಕೋಠಿ ತೆರೆಯಿತು. ಆ ದಂಡೆಗೆ ಒಡೆಯ ಬಿಜಾಪುರದ ಸುಲ್ತಾನನೇ. ಘಟ್ಟದ ಮೆಣಸು, ಏಲಕ್ಕಿ, ಹುಬ್ಬಳ್ಳಿ ಸೀಮೆಯ ನೇಕಾರರ ನಯವಾದ ಬಟ್ಟೆ ಎತ್ತುಗಳ ಮೇಲೆ ಹೇರಾಗಿ ಇಳಿದು ಅಲ್ಲಿ ಹಡಗು ಹತ್ತುತ್ತಿದ್ದವು. ಮೆಕ್ಕೆಯ ಯಾತ್ರೆಗೆ ಹೋಗುವವರಿಗೂ ಅದೇ ದಾರಿ.

1665ರ ಫೆಬ್ರುವರಿಯಲ್ಲಿ ನಡೆದ ಒಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಬಿಜಾಪುರದ ದೊಡ್ಡ ಸರದಾರ ಬಹಲೋಲಖಾನನ ತಾಯಿ ಹಜ್‌ ಯಾತ್ರೆಗೆ ಹೊರಟಿದ್ದಳು. ಆಕೆಯ ಪ್ರಯಾಣದ ಏರ್ಪಾಡಿಗೆಂದು ಶೇರಖಾನ ಎಂಬ ಅಧಿಕಾರಿ ದಂಡಿನೊಂದಿಗೆ ಕಾರವಾರಕ್ಕೆ ಬಂದಿದ್ದ. ಅದೇ ಹೊತ್ತಿಗೆ ಶಿವಾಜಿ ಮಹಾರಾಜರು ಸಮುದ್ರದ ಮೇಲಿಂದ ಬಂದು ಬಸರೂರನ್ನು ಸೂರೆಮಾಡಿ, ಗೋಕರ್ಣ, ಅಂಕೋಲೆಗಳ ದಾರಿಯಾಗಿ ಕಾರವಾರದ ಹತ್ತಿರ ಬೀಡುಬಿಟ್ಟರು. ಶೇರಖಾನ ಊರಿನೊಳಗೆ, ಶಿವಾಜಿ ನದಿಯ ಬಾಯಲ್ಲಿ. ಕಡೆಗೆ ಕಾಳಗವಾಗಲಿಲ್ಲ. ಊರಿನ ವರ್ತಕರು ಹಣ ಕೂಡಿಸಿ ಕೊಟ್ಟರು. ಇಂಗ್ಲಿಷರ ಕೋಠಿಯ ಪಾಲಿಗೆ ಬಂದದ್ದು 112 ಪೌಂಡು. ಬಿಜಾಪುರದ ಒಂದು ಮನೆಯ ತಾಯಿ ಹಡಗು ಹತ್ತಲೆಂದು ಹೊರಟದ್ದೂ, ಮರಾಠಾ ದಂಡು ಬಂದದ್ದೂ, ಇಂಗ್ಲಿಷರು ಕಪ್ಪ ಕೊಟ್ಟದ್ದೂ ಒಂದೇ ವಾರದೊಳಗೆ ಒಂದೇ ದಂಡೆಯಲ್ಲಿ ಕೂಡಿಬಂದವು. ಆ ಬಂದರು ಎಂಥ ಕೂಡುದಾರಿಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಕಾಳಿ ಸೇತುವೆಯ ಆಚೆ ಗುಡ್ಡದ ಮೇಲೆ ಕಾಣುವ ಸದಾಶಿವಗಡ ಕೋಟೆ ಇದಾದ ಮೇಲಿನದು. ಸೋಂದೆಯ ಅರಸ ಬಸವಲಿಂಗ ಅದನ್ನು 1715ರ ಸುಮಾರಿಗೆ ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರಿಟ್ಟ. ಪೋರ್ಚುಗೀಸರು 1752ರಲ್ಲಿ ಅದನ್ನು ಹಿಡಿದರು. ಕೋಟೆಯ ಗೋಡೆಗಳಲ್ಲಿ ಉಳಿದದ್ದು ಕಡಿಮೆ. ಹತ್ತಬೇಕಾದದ್ದು ಅಲ್ಲಿಂದ ಕಾಣುವ ನೋಟಕ್ಕಾಗಿ. ನದಿ, ಕಡಲು, ನಡುಗಡ್ಡೆಗಳು ಮೂರೂ ಒಟ್ಟಿಗೆ ಕಾಣುತ್ತವೆ. ಈ ಕೊಲ್ಲಿಗಾಗಿ ಅಷ್ಟು ಜನ ಯಾಕೆ ಕಾದಾಡಿದರು ಎಂಬುದು ಅಲ್ಲಿ ನಿಂತಾಗ ತಾನಾಗಿ ತಿಳಿಯುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಹತ್ತಿಯ ವಿಷಯಕ್ಕೆ ಬರುತ್ತೇನೆ. ಇದನ್ನು ನಮ್ಮೂರಿನಲ್ಲಿ ಹೇಳಿದಾಗ ಹಿರಿಯ ರೈತರೊಬ್ಬರು, "ಅಲ್ರೀ ಮಾಸ್ತರ, ಯುದ್ಧ ಅಮೆರಿಕಾದಾಗ, ಗಿರಣಿ ವಿಲಾಯತಿಯಾಗ, ನಮ್ಮ ಹತ್ತಿಗೇನ್ ಸಂಬಂಧರೀ?" ಎಂದು ಕೇಳಿದ್ದರು. ಸಂಬಂಧ ಬಹಳ ಇದೆ. 1861ರಲ್ಲಿ ಅಮೆರಿಕದಲ್ಲಿ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಯುದ್ಧ ಹತ್ತಿತು. ಹತ್ತಿ ಬೆಳೆಯುವುದು ದಕ್ಷಿಣದಲ್ಲಿ, ಗುಲಾಮರ ದುಡಿಮೆಯಿಂದ. ಉತ್ತರದ ನೌಕೆಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದವು. ಆ ಹತ್ತಿ ಬಾರದೆ ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಗಿರಣಿಗಳು ನಿಂತು ಲಕ್ಷಗಟ್ಟಲೆ ಕೂಲಿಕಾರರು ಕೆಲಸ ಕಳೆದುಕೊಂಡರು. ಆಗ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಎರೆನೆಲದ ಮೇಲೆ. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ತಳಿಯ ಬೀಜ ಹಾಕಿ ಬೆಳೆಸುತ್ತಿದ್ದರು.

ಬೆಳೆಯೇನೋ ಇತ್ತು, ಅದನ್ನು ಕಡಲಿಗೆ ಮುಟ್ಟಿಸುವ ದಾರಿ ಸರಿಯಿರಲಿಲ್ಲ. ಅಲ್ಲಿಯವರೆಗೆ ಹತ್ತಿ ಹೋಗುತ್ತಿದ್ದದ್ದು ಕುಮಟೆಗೆ. ಲಿವರ್‌ಪೂಲಿನ ಪೇಟೆಯಲ್ಲಿ ನಮ್ಮ ನಾಡಹತ್ತಿಗೆ ಕುಮಟೆಯ ಹೆಸರೇ ನಿಂತುಬಿಟ್ಟಿತ್ತು. ಆದರೆ ಕುಮಟೆಯ ಮುಂದೆ ಬಯಲು ಕಡಲು. ಮಳೆಗಾಲದಲ್ಲಿ ಹಡಗು ನಿಲ್ಲುವಂತಿಲ್ಲ. ಕಾರವಾರದ ಕೊಲ್ಲಿ ಹಾಗಲ್ಲ. ದೇವಗಡ, ಕೂರ್ಮಗಡ, ಅಂಜದೀವ ಎಂಬ ನಡುಗಡ್ಡೆಗಳೂ ಬೈತಖೋಲದ ಗುಡ್ಡವೂ ತೆರೆಗಳಿಗೆ ಅಡ್ಡ ನಿಂತು ಒಳಗಿನ ನೀರನ್ನು ಕಾಯುತ್ತವೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಹುಟ್ಟಿಕೊಂಡು ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಹಡಗಿನಲ್ಲಿ ಕಳಿಸಿತು. ಯಂತ್ರಗಳು ಬಂದಾಗ ಧಕ್ಕೆ ಸಿದ್ಧವಿರಲಿಲ್ಲ, ಘಟ್ಟದ ರಸ್ತೆಯೂ ಮುಗಿದಿರಲಿಲ್ಲ.

ಆ ಗಿರಣಿ ಮಾಲೀಕರ ಒತ್ತಾಯ ಎಷ್ಟಿತ್ತೆಂದರೆ, ಜಿಲ್ಲೆಯ ಗಡಿಯೇ ಬದಲಾಯಿತು. ಮದ್ರಾಸು ಆಡಳಿತದಲ್ಲಿದ್ದ ಕನ್ನಡ ಜಿಲ್ಲೆಯನ್ನು ಸೀಳಿ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದರು. ಹತ್ತಿ ಬೆಳೆಯುವ ಧಾರವಾಡವೂ ಹತ್ತಿ ಸಾಗಿಸುವ ಕಾರವಾರವೂ ಒಂದೇ ಸರ್ಕಾರದ ಕೈಯಲ್ಲಿರಲಿ ಎಂಬುದು ಅವರ ಲೆಕ್ಕ. ಇವತ್ತಿಗೂ ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ಎರಡು ಜಿಲ್ಲೆಗಳಿರುವುದರ ಹಿಂದೆ, ಸಾವಿರಾರು ಮೈಲಿ ದೂರದ ಒಂದು ಯುದ್ಧದ ನೆರಳಿದೆ. ಕಾರವಾರ ಜಿಲ್ಲೆಯ ಮುಖ್ಯಸ್ಥಳವಾಯಿತು. ದೇವಗಡ ನಡುಗಡ್ಡೆಯ ದೀಪಸ್ತಂಭ 1864ರದು, ಅದೇ ಹತ್ತಿಯ ಕಾಲದ್ದು. ಸಂಜೆ ದಂಡೆಯಲ್ಲಿ ನಿಂತಾಗ ದೂರದಲ್ಲಿ ಮಿನುಗುವ ಆ ದೀಪವನ್ನು ಮಕ್ಕಳಿಗೆ ತೋರಿಸಿ, ನಮ್ಮ ಎರೆನೆಲದ ಹತ್ತಿಯ ಹಡಗುಗಳಿಗಾಗಿ ಹಚ್ಚಿದ ದೀಪ ಇದು ಎಂದು ಹೇಳಬಹುದು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಧಾರಣೆ ಕುಸಿಯಿತು. ಆದರೂ ಬಂದರಿಗೆ ರೈಲು ಬಂದಿದ್ದರೆ ಅದು ಬದುಕುತ್ತಿತ್ತು. 1880ರ ದಶಕದಲ್ಲಿ ರೈಲು ಬಂತು, ಕಾರವಾರಕ್ಕಲ್ಲ, ಕ್ಯಾಸಲ್‌ರಾಕ್ ಮೇಲಿಂದ ಪೋರ್ಚುಗೀಸರ ಮರ್ಮಗೋವೆಗೆ. ನಮ್ಮ ಹೊಟಗಿ–ಗದಗ ಮಾರ್ಗವೂ ಅದೇ ದಶಕದ್ದು. ಹತ್ತಿಯ ಅಂಡಿಗೆಗಳು ಗಾಡಿ ಬಿಟ್ಟು ರೈಲು ಹತ್ತಿದವು, ಅರಬೈಲು ಘಟ್ಟದ ದಾರಿ ಸುಮ್ಮನಾಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂಬ ಕೂಗು ಆಗಿನಿಂದ ಇಂದಿನವರೆಗೂ ನಡೆದೇ ಇದೆ. ನಡುವೆ ದಟ್ಟ ಕಾಡಿದೆ, ಅದನ್ನು ಕಡಿಯುವುದು ಸಣ್ಣ ಮಾತಲ್ಲ. ಎರಡೂ ಕಡೆಯ ವಾದದಲ್ಲಿ ಸತ್ಯವಿದೆಯೆಂದೇ ನನ್ನ ಅಭಿಪ್ರಾಯ. ಕೊಂಕಣ ರೈಲ್ವೆ ಕಾರವಾರಕ್ಕೆ ಬಂದದ್ದು 1990ರ ದಶಕದಲ್ಲಿ, ಅದೂ ಕರಾವಳಿಯ ಉದ್ದಕ್ಕೆ.

ವ್ಯಾಪಾರ ಇಳಿದ ಮೇಲೆ ಕಾರವಾರ ನಿಶ್ಶಬ್ದವಾದ ಸುಂದರ ಊರಾಯಿತು. ಭಾರತೀಯರಲ್ಲಿ ಮೊದಲ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು, ಆ ದಂಡೆಯಲ್ಲಿ ತಿರುಗಾಡಿ, 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಊರ ಮುಂದಿನ ಕಡಲತೀರಕ್ಕೆ ಈಗ ಅವರದೇ ಹೆಸರು.

ಆ ತೀರದ ದಕ್ಷಿಣಕ್ಕೆ ಅಂಜದೀವ ನಡುಗಡ್ಡೆಯಿದೆ. ಇಷ್ಟು ಸಣ್ಣ ನೆಲದ ಮೇಲೆ ಇಷ್ಟು ಸಾವು ಬೇರೆಲ್ಲೂ ಆಗಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಪೋರ್ಚುಗೀಸ್ ರಾಜಕುಮಾರಿಯ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ದೊರೆಗೆ ಬಂತೆಂದು ಪಾಠದಲ್ಲಿ ಓದಿದ್ದೇವೆ. ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಇಂಗ್ಲಿಷ್ ದಂಡಿಗೆ ಪೋರ್ಚುಗೀಸರು ಮುಂಬಯಿ ಬಿಟ್ಟುಕೊಡಲಿಲ್ಲ. ಇಳಿಯಲು ಜಾಗವಿಲ್ಲದೆ ಅವರು ಅಂಜದೀವದಲ್ಲಿ ಕಾದು ಕೂತರು. ಕಾಯುತ್ತಿದ್ದಂತೆಯೇ ದಂಡನಾಯಕ ಅಬ್ರಹಾಂ ಶಿಪ್‌ಮನ್‌ನೂ ಮುನ್ನೂರಕ್ಕೂ ಹೆಚ್ಚು ಸಿಪಾಯಿಗಳೂ ಜ್ವರ ಬೇನೆಗಳಿಗೆ ತುತ್ತಾದರು. ಒಂದು ಗುಂಡೂ ಹಾರದೆ ಮುಗಿದುಹೋದ ಸೈನ್ಯವದು.

ಮುಂದೆ ಸುಮಾರು ಮುನ್ನೂರು ವರ್ಷ ಅಂಜದೀವ ಪೋರ್ಚುಗೀಸರ ಕೈಯಲ್ಲೇ ಉಳಿಯಿತು. ದೇಶ ಸ್ವತಂತ್ರವಾಗಿ ಹದಿನಾಲ್ಕು ವರ್ಷವಾದರೂ ಕಾರವಾರದವರ ಮನೆ ಮುಂದಿನ ನಡುಗಡ್ಡೆಯಲ್ಲಿ ಪರದೇಶದ ಬಾವುಟವಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನಿಗೆ ಹೋಗಿದ್ದ ದೋಣಿಯ ಮೇಲೂ ಹಾರಿ, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, 'ತ್ರಿಶೂಲ' ಮತ್ತು 'ಮೈಸೂರು' ಎಂಬ ನಮ್ಮ ನೌಕೆಗಳು ಅಂಜದೀವಕ್ಕೆ ಬಂದವು. ನಮ್ಮ ನಾಡಿನ ಹೆಸರು ಹೊತ್ತ ಈ 'ಮೈಸೂರು' ಹಳೆಯ ಬ್ರಿಟಿಷ್ ನೌಕೆ 'ನೈಜೀರಿಯಾ'. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೊರಟು ಟಾರ್ಪೆಡೊ ಪೆಟ್ಟು ತಿಂದು ಉಳಿದದ್ದು. 1957ರಲ್ಲಿ ಭಾರತದ ನೌಕಾಪಡೆಗೆ ಸೇರಿತ್ತು. ದೋಣಿಗಳಲ್ಲಿ ದಂಡೆಗೆ ಇಳಿದ ನಾವಿಕರ ಮೇಲೆ ನಡುಗಡ್ಡೆಯಿಂದ ಗುಂಡಿನ ಮಳೆ ಸುರಿಯಿತು. ಏಳು ಜನ ನಾವಿಕರು ಮಡಿದರು. ಅಂಜದೀವ ನಮ್ಮದಾಯಿತು. ಈಗ ಅದು ನೌಕಾನೆಲೆಯ ಒಳಗಿದೆ, ಸಾಮಾನ್ಯರಿಗೆ ಪ್ರವೇಶವಿಲ್ಲ. ದೂರದಿಂದಲೇ ನೋಡಬೇಕು, ಆದರೆ ಏನನ್ನು ನೋಡುತ್ತಿದ್ದೇವೆಂದು ತಿಳಿದು ನೋಡಬೇಕು.

ಟ್ಯಾಗೋರ್ ತೀರದಲ್ಲಿ ಮರಳಿನ ಮೇಲೆ ನಿಂತಿರುವ ನೌಕೆಯ ಹೆಸರು 'ಚಪಲ'. ಉದ್ದ 38 ಮೀಟರಿಗಿಂತ ತುಸು ಹೆಚ್ಚು. ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. ಒಳಗೆ ಹೋಗಿ ನೋಡಬಹುದು. ಇಷ್ಟು ಇಕ್ಕಟ್ಟಿನಲ್ಲಿ ಜನ ಹೇಗೆ ಉಂಡು ಮಲಗಿ ಯುದ್ಧಕ್ಕೆ ಸಿದ್ಧರಾಗಿರುತ್ತಿದ್ದರು ಎಂಬುದು ಮೆಟ್ಟಿಲಿಳಿದಾಗ ಗೊತ್ತಾಗುತ್ತದೆ. ಇದೇ ದೋಣಿ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತೆಂದು ಅನೇಕರು ಹೇಳುತ್ತಾರೆ. ಆದರೆ 'ಚಪಲ' ನೌಕಾಪಡೆ ಸೇರಿದ್ದು 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮುಂದೆ ಕ್ಷಿಪಣಿ ಹಾರಿಸಿದ್ದು ಇದರ ಹಿರಿಯಕ್ಕಂದಿರಾದ 'ನಿಪಾತ', 'ನಿರ್ಘಾತ', 'ವೀರ'. ದಂಡೆ ಕಾಯಲೆಂದು ಮಾಡಿದ, ದೂರ ಓಡುವ ಶಕ್ತಿಯಿಲ್ಲದ ಸಣ್ಣ ದೋಣಿಗಳನ್ನು ಶತ್ರುವಿನ ಬಾಗಿಲಿಗೇ ಒಯ್ದದ್ದು ನಮ್ಮವರ ಧೈರ್ಯ. ಆ ರಾತ್ರಿಯ ನೆನಪಿಗೇ ಡಿಸೆಂಬರ್ 4 ನೌಕಾದಿನ. 'ಚಪಲ' ಅದೇ ವಂಶದ್ದು. ವಂಶದ ಗೌರವ ಅದಕ್ಕೆ ಸಾಕಷ್ಟಿದೆ, ಮಾಡದ ಯುದ್ಧವನ್ನು ಅದರ ಹೆಸರಿಗೆ ಹಚ್ಚಬೇಕಿಲ್ಲ. ಪಕ್ಕದಲ್ಲಿ ಈಚೆಗೆ ಟುಪೊಲೆವ್ 142 ಎಂಬ ಭಾರಿ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. 1988ರಿಂದ 2017ರವರೆಗೆ ಈ ಜಾತಿಯ ವಿಮಾನಗಳು ನಮ್ಮ ಸಮುದ್ರಗಳ ಮೇಲೆ ಹಾರಾಡಿ ಕಣ್ಣಿಟ್ಟಿದ್ದವು.

ಅದೇ ಆವರಣದಲ್ಲಿ ಒಂದು ಪ್ರತಿಮೆಯಿದೆ. ಹೆಚ್ಚಿನವರು ಅದರ ಮುಂದೆ ನಿಲ್ಲದೆ ಹೋಗುತ್ತಾರೆ. ಅದು ಪರಮವೀರಚಕ್ರ ಪಡೆದ ಮೇಜರ್ ರಾಮ ರಾಘೋಬಾ ರಾಣೆ ಅವರದು. ಕಾರವಾರದ ಹತ್ತಿರದ ಚೆಂಡಿಯೆ ಅವರ ಮೂಲ ಊರು. ತಂದೆ ಪೊಲೀಸ್ ಪೇದೆ. ಮಗ ಹುಟ್ಟಿದ್ದು 1918ರಲ್ಲಿ, ಘಟ್ಟದ ಮೇಲೆ ಹಾವೇರಿಯಲ್ಲಿ. ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ದುಡಿದು ಬಂದರು. 1948ರ ಏಪ್ರಿಲಿನಲ್ಲಿ ಕಾಶ್ಮೀರದ ನೌಶೇರಾದಿಂದ ರಜೌರಿಗೆ ನಮ್ಮ ಸೈನ್ಯ ಹೊರಟಾಗ ದಾರಿಯ ತುಂಬ ನೆಲಬಾಂಬುಗಳು, ಕಡಿದು ಕೆಡವಿದ ಮರಗಳು. ದಾರಿ ಬಿಡಿಸುವ ಕೆಲಸ ಬಾಂಬೆ ಸ್ಯಾಪರ್ಸ್‌ ದಳದ ಈ ತರುಣ ಅಧಿಕಾರಿಯದು. ಏಪ್ರಿಲ್ 8ರಂದು ಕೆಲಸಕ್ಕೆ ತೊಡಗುತ್ತಲೇ ಬಿದ್ದ ಗುಂಡುಗಳಿಗೆ ಜತೆಗಾರರಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಗಾಯಗೊಂಡವರಲ್ಲಿ ರಾಣೆಯೂ ಒಬ್ಬರು. ಅವರು ಹಿಂದೆ ಹೋಗಲಿಲ್ಲ. 11ರವರೆಗೆ, ಮೇಲಿನಿಂದ ಗುಂಡು ಬೀಳುತ್ತಿದ್ದಂತೆಯೇ, ಬಾಂಬು ತೆಗೆಯುತ್ತ, ಅಡ್ಡಗಟ್ಟೆ ಒಡೆಯುತ್ತ, ಟ್ಯಾಂಕುಗಳಿಗೆ ದಾರಿ ಮಾಡುತ್ತ ಹೋದರು. 12ರಂದು ರಜೌರಿ ನಮ್ಮ ಕೈಗೆ ಬಂತು. ಯುದ್ಧವೆಂದರೆ ಕೋವಿ ಹಿಡಿದು ಮುನ್ನುಗ್ಗುವುದಷ್ಟೇ ಎಂದು ತಿಳಿದ ಮಕ್ಕಳಿಗೆ ಇದನ್ನು ಹೇಳಬೇಕು. ಈ ಪರಮವೀರ ಮಾಡಿದ್ದು ಹಿಂದೆ ಬರುವವರ ಕಾಲಿಗೆ ಬಾಂಬು ಸಿಗದಂತೆ ನೆಲವನ್ನು ಹಸನು ಮಾಡುವ ಕೆಲಸ.

ಅಂಕೋಲೆಯಿಂದ ಕಾರವಾರಕ್ಕೆ ಬರುವಾಗ ಹೆದ್ದಾರಿಯ ಪಕ್ಕದಲ್ಲಿ ಉದ್ದಕ್ಕೂ ಎತ್ತರದ ಗೋಡೆ ಕಾಣುತ್ತದಲ್ಲ, ಅದು ಸೀಬರ್ಡ್ ಯೋಜನೆಯ ನೌಕಾನೆಲೆ. 1971ರ ಯುದ್ಧದಲ್ಲಿ ಮುಂಬಯಿ ಬಂದರು ವ್ಯಾಪಾರದ ಹಡಗುಗಳಿಂದ ಕಿಕ್ಕಿರಿದು, ಪಶ್ಚಿಮದಲ್ಲಿ ನೌಕಾಪಡೆಗೆ ತನ್ನದೇ ಬಂದರು ಬೇಕೆಂಬ ಪಾಠ ಸಿಕ್ಕಿತು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ 'ಐಎನ್‌ಎಸ್ ಕದಂಬ' ಎಂಬ ಹೆಸರಿನಿಂದ ನೆಲೆ ಕೆಲಸಕ್ಕೆ ಬಂತು. ಬನವಾಸಿಯ ಕದಂಬರ ಹೆಸರು ದೇಶದ ನೌಕಾನೆಲೆಗೆ ಬಂದದ್ದು ಕನ್ನಡಿಗರಿಗೆ ಹೆಮ್ಮೆ. ಆದರೆ ಆ ಗೋಡೆಯ ಒಳಗೆ ಅರಗಾ, ಬಿಣಗಾ, ಚೆಂಡಿಯೆ ಕಡೆಯ ಜನರ ಮನೆ, ತೆಂಗಿನ ತೋಟ, ಗದ್ದೆ, ದೋಣಿ ಎಳೆಯುವ ದಂಡೆ ಇದ್ದವು. ಸಾವಿರಾರು ಕುಟುಂಬಗಳು ಎದ್ದವು. ಪರಿಹಾರದ ವ್ಯಾಜ್ಯ ದಶಕಗಟ್ಟಲೆ ಕೋರ್ಟುಗಳಲ್ಲಿ ನಡೆಯಿತು. ದೇಶಕ್ಕೆ ಒಬ್ಬ ಪರಮವೀರನನ್ನು ಕೊಟ್ಟ ಸೀಮೆ ಕಡೆಗೆ ತನ್ನ ನೆಲವನ್ನೂ ಕೊಟ್ಟಿತು.

ಈ ಮಾತು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಳುಗಡೆ ಎಂದರೇನು ಎಂದು ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣೆಯ ದಂಡೆಯವರನ್ನು ಕೇಳಿ. ಅವರು ಬಿಟ್ಟುಕೊಟ್ಟ ಊರುಗಳ ಮೇಲೆ ನಿಂತ ನೀರು ಕಾಲುವೆಯಲ್ಲಿ ಹರಿದು ಇಂಡಿ, ಸಿಂದಗಿ ಕಡೆಯ ಹೊಲಕ್ಕೆ ಬರುತ್ತದೆ. ಆ ನೀರು ಉಣಿಸಿದ ಬೆಳೆಯ ರೊಕ್ಕದಲ್ಲಿ ನಾವು ಕಡಲು ನೋಡಲು ಹೋಗುತ್ತೇವೆ. ಹಾಗಾಗಿ ಕಾರವಾರದಲ್ಲಿ ಹೋಟೆಲಿನವರನ್ನೋ ರಿಕ್ಷಾದವರನ್ನೋ ಮಾತಿಗೆಳೆದಾಗ, "ನಮ್ಮದು ಸೀಬರ್ಡಿಗೆ ಹೋದ ಊರು" ಎಂದು ಯಾರಾದರೂ ಅಂದರೆ ಕೂತು ಕೇಳಿ. ನಮ್ಮವರಷ್ಟು ಚೆನ್ನಾಗಿ ಅದನ್ನು ಅರ್ಥಮಾಡಿಕೊಳ್ಳುವ ಪ್ರವಾಸಿಗರು ಅವರಿಗೆ ಸಿಗಲಿಕ್ಕಿಲ್ಲ.

ಹೋಗುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ಹೋಗಬೇಡಿ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ, ಕಡಲಿಗೆ ಇಳಿಯುವಂತಿರುವುದಿಲ್ಲ. ಘಟ್ಟದ ಕೆಳಗೆ ಗುಡ್ಡ ಕುಸಿಯುವ ಭಯವೂ ಇದೆ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು, ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆಯೇ ಮುರಿದುಬಿತ್ತು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜನವರಿಯಲ್ಲಿ ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆಗೆ ದೋಣಿಗಳು ಹೋಗುತ್ತವೆ. 2019ರ ಜಾತ್ರೆಯಲ್ಲಿ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಕಡೆಯ, ನಮ್ಮ ಹಾಗೇ ಕಡಲು ಕಾಣದ ಸೀಮೆಯ ಜನ. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಕೊಡಿರೆಂದು ಕೇಳಿ ಹಾಕಿಕೊಳ್ಳಿ, ಮಕ್ಕಳಿಗೆ ಮೊದಲು ಹಾಕಿ. ಜಾಕೆಟ್ ಇಲ್ಲ, ಜನ ಹೆಚ್ಚಾಗಿದ್ದಾರೆ ಎಂದು ಕಂಡರೆ ಆ ದೋಣಿ ಬಿಟ್ಟು ಮುಂದಿನದಕ್ಕೆ ಕಾಯಿರಿ.

ಶಾಲೆಯ ಪ್ರವಾಸ ಒಯ್ಯುವ ಗುರುಗಳಿಗೆ ಒಂದು ವಿನಂತಿ. ಬಸ್ಸು ನಿಂತ ಕೂಡಲೆ ಮಕ್ಕಳು ನೀರಿಗೆ ಓಡುತ್ತಾರೆ, ಓಡಲಿ. ಆಡಿ ದಣಿದು ಬಂದ ಮೇಲೆ ರಾಣೆಯವರ ಪ್ರತಿಮೆಯ ಹತ್ತಿರ ಕೂರಿಸಿ ನೌಶೇರಾದ ದಾರಿಯ ಕಥೆ ಹೇಳಿ. ಮರುದಿನ ಬಿಸಿಲೇರುವ ಮುಂಚೆ ಸದಾಶಿವಗಡ ಹತ್ತಿಸಿ, ಹತ್ತಿಯ ಹಡಗುಗಳು ಎಲ್ಲಿ ನಿಲ್ಲುತ್ತಿದ್ದವು, ಅಂಜದೀವ ಯಾವ ದಿಕ್ಕಿಗಿದೆ ಎಂದು ಬೆರಳು ಮಾಡಿ ತೋರಿಸಿ. ಅರ್ಧ ತಾಸು ಸಾಕು.